ಟೊಮೆಟೊ ಗಾಡಿಗೆ ನಾವೇ ಕಟ್ಟಿಕೊಳ್ಳುವ ಟೆಂಪರೇಚರ್ ಮೀಟರು, ಜೊತೆಗೆ ಒಂದು ಕೂಲರು

ಏಪ್ರಿಲ್ ಬಿಸಿಲಲ್ಲಿ ಕೋಲಾರದ ಎಪಿಎಂಸಿ ಯಾರ್ಡಿನಿಂದ ಲೋಡಾಗಿ, ತಾರ್ಪಾಲು ಬಿಗಿದುಕೊಂಡು, ಮುಳಬಾಗಿಲು ದಾಟಿ ಚೆನ್ನೈ ಕಡೆ ಹೋಗುವ ಗಾಡಿಯೊಳಗೆ ಹಣ್ಣು ಎಷ್ಟು ಬಿಸಿಯಾಗಿರುತ್ತೆ ಅಂತ ಕೇಳಿ ನೋಡಿ. ಡ್ರೈವರಿಗೂ ಗೊತ್ತಿರಲ್ಲ, ಕಳಿಸಿದ ರೈತನಿಗೂ ಗೊತ್ತಿರಲ್ಲ. ಇಳಿಸುವಾಗ ಮಧ್ಯದ ಕ್ರೇಟುಗಳು ಮೆತ್ತಗಾಗಿದ್ದರೆ ರೇಟು ಬಿತ್ತು, ಅಷ್ಟೇ. ಯಾಕೆ ಮೆತ್ತಗಾಯ್ತು, ಎಲ್ಲಿ ಬಿಸಿಯಾಯ್ತು ಅನ್ನೋದಕ್ಕೆ ಲೆಕ್ಕ ಇಲ್ಲ.

ಎಲ್ಲರೂ ಮೊದಲು ಕೂಲರ್ ಹುಡುಕುತ್ತಾರೆ. ನಾನು ಹೇಳೋದು, ಮೊದಲು ಮೀಟರು ಹಾಕಿ. ಒಂದೆರಡು ವಾರ ಬರೀ ಅಳತೆ ನೋಡಿ. ಕೂಲರ್ ಎಲ್ಲಿ ಬೇಕು, ಬೇಕೋ ಬೇಡವೋ ಅನ್ನೋದನ್ನ ಆ ಅಂಕಿಗಳೇ ಹೇಳುತ್ತವೆ.

ಬಿಸಿ ಅಳೆಯುವ ಸೆನ್ಸರಿಗೆ ಡಿಎಸ್18ಬಿ20 ಅನ್ನೋ ಮಾದರಿ ಸಾಕು. ಸ್ಟೀಲ್ ತುದಿಯ ವಾಟರ್‌ಪ್ರೂಫ್ ಮಾದರಿ ತಗೊಳ್ಳಿ, ಬೆಂಗಳೂರಿನ ಎಸ್‌ಪಿ ರೋಡಲ್ಲೂ ಸಿಗುತ್ತೆ, ಆನ್‌ಲೈನಲ್ಲೂ ಸಿಗುತ್ತೆ. ನಮಗೆ ಬೇಕಾದ ರೇಂಜಿನಲ್ಲಿ ಅರ್ಧ ಡಿಗ್ರಿ ಆಚೀಚೆ ತೋರಿಸುತ್ತೆ, ಅದಕ್ಕಿಂತ ನಿಖರತೆ ತರಕಾರಿ ಗಾಡಿಗೆ ಬೇಕಿಲ್ಲ. ಇದರ ದೊಡ್ಡ ಅನುಕೂಲ ಅಂದ್ರೆ ಒಂದೇ ಡೇಟಾ ವೈರಿಗೆ ಐದಾರು ಸೆನ್ಸರ್ ಸೇರಿಸಬಹುದು, ಪ್ರತಿಯೊಂದಕ್ಕೂ ಫ್ಯಾಕ್ಟರಿಯಲ್ಲೇ ಬೇರೆ ಬೇರೆ ನಂಬರ್ ಕೊಟ್ಟಿರುತ್ತಾರೆ. ಸೆನ್ಸರುಗಳನ್ನ ಓದಿ ಪ್ರೋಗ್ರಾಮ್ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಇಎಸ್‌ಪಿ32. ಡೇಟಾ ವೈರಿಗೂ 3.3 ವೋಲ್ಟ್ ವೈರಿಗೂ ನಡುವೆ 4.7 ಕಿಲೋಓಮ್‌ನ ಒಂದು ರೆಸಿಸ್ಟರ್ ಹಾಕಲೇಬೇಕು, ಅದಿಲ್ಲದೆ ಏನೂ ಓದಲ್ಲ. ಸಾಮಾನ್ಯವಾಗಿ ಕೆಂಪು ಪವರ್, ಕಪ್ಪು ಗ್ರೌಂಡ್, ಹಳದಿ ಡೇಟಾ. ಆದ್ರೂ ಅಂಗಡಿಯವರ ಚೀಟಿ ನೋಡಿಕೊಂಡೇ ಜೋಡಿಸಿ, ಕೆಲವು ಲಾಟಿನಲ್ಲಿ ಬಣ್ಣ ಬದಲಾಗಿರುತ್ತೆ. ಕ್ಯಾಬಿನ್ನಿಂದ ಹಿಂದಿನ ಬಾಗಿಲ ತನಕ ಒಂದೇ ಮುಖ್ಯ ಕೇಬಲ್ ಎಳೆದು, ಅದರಿಂದ ಗಿಡ್ಡ ಗಿಡ್ಡ ಕವಲು ತೆಗೆಯಿರಿ. ಒಂದೇ ಜಾಗದಿಂದ ನಾಲ್ಕು ದಿಕ್ಕಿಗೆ ಉದ್ದ ವೈರ್ ಎಳೆದರೆ ರೀಡಿಂಗ್ ತಪ್ಪುತ್ತಾ ಇರುತ್ತೆ.

ಎರಡು ಅಂಕಿ ನೆನಪಿಡಿ. ಪರದೆ ಮೇಲೆ ಸರಿಯಾಗಿ 85 ಬಂದರೆ ಅದು ಬಿಸಿ ಅಲ್ಲ, ಸೆನ್ಸರ್ ಇನ್ನೂ ಅಳತೆ ಮುಗಿಸಿಲ್ಲ ಅಥವಾ ಪವರ್ ಹೋಗಿ ಬಂದಿದೆ ಅಂತ. ಮೈನಸ್ 127 ಬಂದರೆ ಸಂಪರ್ಕವೇ ಇಲ್ಲ, ಎಲ್ಲೋ ವೈರ್ ಬಿಟ್ಟಿದೆ. ಈ ಎರಡನ್ನೂ ಪ್ರೋಗ್ರಾಮಿನಲ್ಲೇ ತಿರಸ್ಕರಿಸಿ, ಇಲ್ಲದಿದ್ದರೆ ನಡುರಾತ್ರಿ ಸುಮ್ನೆ ಬಜರ್ ಹೊಡೆದು ಡ್ರೈವರ್ ತಲೆ ಕೆಡುತ್ತೆ. ಹಾಗೆ ಕಿರಿಕಿರಿ ಆದ ಮೇಲೆ ಅವರು ವೈರ್ ಕಿತ್ತುಹಾಕಿದರೆ ತಪ್ಪು ಅವರದ್ದಲ್ಲ.

ಗಾಡಿಗೆ ಕೂರಿಸುವ ಮೊದಲು ಎಲ್ಲಾ ಸೆನ್ಸರನ್ನೂ ಪುಡಿ ಮಾಡಿದ ಐಸ್ ತುಂಬಿದ ಲೋಟದಲ್ಲಿ ಸ್ವಲ್ಪ ನೀರು ಬೆರೆಸಿ ಮುಳುಗಿಸಿ, ಹತ್ತು ನಿಮಿಷ ಬಿಡಿ. ಸೊನ್ನೆ ತೋರಿಸಬೇಕು. ಯಾವುದು ಎಷ್ಟು ಜಾಸ್ತಿ ಕಡಿಮೆ ತೋರಿಸುತ್ತೋ ಅದನ್ನ ಅದರ ವೈರಿಗೇ ಟೇಪು ಸುತ್ತಿ ಬರೆದಿಡಿ.

ಈಗ ಎಲ್ಲಿ ಇಡೋದು ಅನ್ನೋದು. ಇದೇ ಎಲ್ಲಕ್ಕಿಂತ ಮುಖ್ಯ. ಗಾಳಿಯ ಬಿಸಿ ಬೇರೆ, ಹಣ್ಣಿನ ಬಿಸಿ ಬೇರೆ. ಹಿಂದಿನ ಬಾಗಿಲು ತೆಗೆದರೆ ಗಾಳಿ ಎರಡೇ ನಿಮಿಷದಲ್ಲಿ ಬದಲಾಗುತ್ತೆ, ಹಣ್ಣು ಗಂಟೆಗಟ್ಟಲೆ ಬಿಸಿ ಹಿಡಿದುಕೊಂಡಿರುತ್ತೆ. ಅದಕ್ಕೆ ಲೋಡಿನ ಸರಿಯಾಗಿ ನಡುವಿನ ಕ್ರೇಟಿನಲ್ಲಿ ಒಂದು ಗಟ್ಟಿ ಹಣ್ಣು ಆರಿಸಿ, ತೊಟ್ಟಿನ ಕಡೆಯಿಂದ ಸೆನ್ಸರಿನ ಸ್ಟೀಲ್ ತುದಿಯನ್ನ ಪೂರ್ತಿ ಒಳಗೆ ಚುಚ್ಚಿ, ಅದರ ಮೇಲೆ ಬೇರೆ ಹಣ್ಣು ಮುಚ್ಚಿ. ಆ ಒಂದು ಹಣ್ಣು ಹೋಗುತ್ತೆ, ಹೋಗಲಿ. ಇನ್ನೊಂದು ಸೆನ್ಸರ್ ಹಿಂಬಾಗಿಲ ಹತ್ತಿರದ ಮೇಲಿನ ಕ್ರೇಟಿಗೆ, ಅದೇ ಸಾಮಾನ್ಯವಾಗಿ ಅತಿ ಬಿಸಿ ಮೂಲೆ. ಮೂರನೆಯದು ಗಾಡಿ ಹೊರಗೆ, ಬಿಸಿಲು ಬೀಳದ ಕಡೆ. ನಾಲ್ಕನೆಯದಕ್ಕೆ ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ಬಾಲ ಒಂದು ನೀರಿನ ಬಾಟಲಿಯಲ್ಲಿ ಅದ್ದಿರಲಿ, ಹೊರಗಿನ ಗಾಳಿ ಅದಕ್ಕೆ ಚೆನ್ನಾಗಿ ತಾಗಬೇಕು. ಈ ಒದ್ದೆ ಸೆನ್ಸರ್ ಯಾಕೆ ಅಂತ ಆಮೇಲೆ ಹೇಳ್ತೀನಿ.

ಪವರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ, ಅಲ್ಲಿಂದ ವೋಲ್ಟೇಜ್ ಇಳಿಸುವ ಒಂದು ಬಕ್ ಕನ್ವರ್ಟರಿನಲ್ಲಿ 5 ವೋಲ್ಟಿಗೆ ಇಳಿಸಿ ಬೋರ್ಡಿಗೆ ಕೊಡಿ. ಸಣ್ಣ ಪಿಕಪ್‌ಗಳು 12 ವೋಲ್ಟು, ದೊಡ್ಡ ಲಾರಿಗಳು 24. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆಯಿಂದ ಆಗಾಗ ವೋಲ್ಟೇಜ್ ಎಗರುತ್ತೆ, ಅದನ್ನ ತಡೆಯುವ ಟಿವಿಎಸ್ ಡಯೋಡ್ ಒಂದನ್ನ ಸೇರಿಸಲು ನಿಮ್ಮ ಆಟೋ ಎಲೆಕ್ಟ್ರಿಷಿಯನ್‌ಗೆ ಹೇಳಿ. ರೀಡಿಂಗನ್ನ ನಿಮಿಷಕ್ಕೊಮ್ಮೆ ಮೆಮೊರಿ ಕಾರ್ಡಿಗೆ ಬರೆಸಿ. ಡ್ರೈವರ್ ಫೋನಿನ ಹಾಟ್‌ಸ್ಪಾಟ್ ಸಿಕ್ಕಾಗ ನಿಮಗೆ ಮೆಸೇಜ್ ಬರೋ ಹಾಗೆ ಮಾಡಬಹುದು, ಆದ್ರೆ ಕಾರ್ಡಿನ ದಾಖಲೆ ಬಿಡಬೇಡಿ, ದಾರಿಯಲ್ಲಿ ಸಿಗ್ನಲ್ ಇರದ ಜಾಗ ಬೇಕಾದಷ್ಟಿವೆ. ಬಜರ್ ಕೂಗೋದು ನೀವು ಹಾಕಿಕೊಂಡ ಬಿಸಿಯ ಮಿತಿಯನ್ನ ಹತ್ತು ನಿಮಿಷ ಸತತವಾಗಿ ದಾಟಿದ ಮೇಲೆ ಮಾತ್ರ.

ಇನ್ನು ಕೂಲಿಂಗ್. ಇಲ್ಲಿ ಒಂದು ಲೆಕ್ಕ ಮಾಡಲೇಬೇಕು. 1 ಟನ್ ಟೊಮೆಟೊವನ್ನ 10 ಡಿಗ್ರಿ ಇಳಿಸಬೇಕು ಅಂದ್ರೆ ಸುಮಾರು 11 ಯೂನಿಟ್ ಕರೆಂಟಿನಷ್ಟು ಶಾಖ ಹೊರಗೆ ಹಾಕಬೇಕು. ಐಸಿನಲ್ಲಿ ಹೇಳೋದಾದ್ರೆ ಹತ್ತಿರ ಹತ್ತಿರ 120 ಕಿಲೋ ಐಸ್ ಕರಗಬೇಕು. 12 ವೋಲ್ಟಿನ 75 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ಖಾಲಿ ಮಾಡಿದರೂ ಇರೋದು 1 ಯೂನಿಟ್ಟಿಗಿಂತ ಕಡಿಮೆ. ಹಾಗಾಗಿ ವಿಡಿಯೊಗಳಲ್ಲಿ ತೋರಿಸುವ, ಕರೆಂಟ್ ಕೊಟ್ಟರೆ ಒಂದು ಬದಿ ತಂಪಾಗುವ ಪೆಲ್ಟಿಯರ್ ತಟ್ಟೆಗಳನ್ನ ಮರೆತುಬಿಡಿ, ಅವು ತಂಪು ಮಾಡೋದಕ್ಕಿಂತ ಜಾಸ್ತಿ ಬಿಸಿ ಉಗುಳುತ್ತವೆ. ಬಿಸಿ ಹಣ್ಣನ್ನ ಗಾಡಿಯಲ್ಲಿ ತಣಿಸೋದು ನಮ್ಮ ಗಾತ್ರದ ಕೆಲಸ ಅಲ್ಲ. ತಣ್ಣಗೆ ಹತ್ತಿದ ಹಣ್ಣು ಬಿಸಿಯಾಗದ ಹಾಗೆ ಕಾಯೋದು ಮಾತ್ರ ಸಾಧ್ಯ, ಅದು ಚೆನ್ನಾಗೇ ಸಾಧ್ಯ. ಬೆಳಗ್ಗೆ ಕೊಯ್ಲು ಮಾಡಿ, ಕ್ರೇಟುಗಳನ್ನ ಬದುವಿನ ಮೇಲೆ ಬಿಸಿಲಲ್ಲಿ ಬಿಡದೆ ಮರದಡಿಯೋ ಶೇಡ್‌ನೆಟ್ ಕೆಳಗೋ ಗಾಳಿಯಾಡುವ ಹಾಗೆ ಇಟ್ಟು, ಸಾಧ್ಯ ಆದ್ರೆ ರಾತ್ರಿ ತಂಪಿನ ನಂತರ ಲೋಡ್ ಮಾಡಿ. ಇದಕ್ಕೆ ದುಡ್ಡು ಖರ್ಚಿಲ್ಲ, ಮುಂದೆ ಹೇಳುವ ಕೂಲರಿಗಿಂತ ಲಾಭ ಜಾಸ್ತಿ.

ಆಮೇಲೆ ಬಿಸಿ ತಡೆಯೋದು. ಇಲ್ಲಿಂದ ಮುಂದೆ ಹೇಳೋದು ಚಾವಣಿ, ಬಾಗಿಲು ಇರುವ ಮುಚ್ಚಿದ ಗಾಡಿಗೆ. ಚಾವಣಿ ಮೇಲೆ ಬಿಳಿ ಬಣ್ಣ, ಒಳಗೆ ಎರಡು ಇಂಚು ದಪ್ಪದ ಥರ್ಮಾಕೋಲ್, ಅದರ ಮೇಲೆ ತೊಳೆಯಲು ಬರುವ ಶೀಟು. ಸಣ್ಣ ಪಿಕಪ್ಪಿನ ಬಾಡಿಯೊಳಗೆ ಹೀಗೆ ಹೊದಿಕೆ ಹಾಕಿದರೆ ಹೊರಗೆ 15 ಡಿಗ್ರಿ ಜಾಸ್ತಿ ಇದ್ದರೂ ಗೋಡೆಗಳಿಂದ ಒಳಗೆ ಬರೋದು 250 ವಾಟ್ ಆಸುಪಾಸು. ಬರೀ ತಗಡಾದರೆ ಅದರ ಹಲವು ಪಟ್ಟು.

ಕೂಲರ್ ತತ್ವ ಮಣ್ಣಿನ ಮಡಕೆಯದ್ದೇ, ನೀರು ಆರುವಾಗ ಶಾಖ ಎಳೆದುಕೊಳ್ಳುತ್ತೆ. ಬಾಡಿಯ ಮುಂಭಾಗದಲ್ಲಿ, ಕ್ಯಾಬಿನ್ ಮೇಲಿನ ಎತ್ತರದಲ್ಲಿ, ಏರ್‌ಕೂಲರಿಗೆ ಹಾಕುವ ಜೇನುಗೂಡು ಪ್ಯಾಡ್ ಕೂರಿಸಿ. ಕೆಳಗೆ ಟ್ರೇ, ಟ್ರೇಯಿಂದ ನೀರು ಮೇಲೆತ್ತಲು 12 ವೋಲ್ಟಿನ ಸಣ್ಣ ಪಂಪು, ಮೇಲ್ಗಡೆ ತೂತು ಕೊರೆದ ಪಿವಿಸಿ ಪೈಪು. ಹಿಂಬಾಗಿಲ ಕಡೆ ಗಾಳಿಯನ್ನ ಹೊರಗೆಳೆಯುವ ಎರಡು 12 ವೋಲ್ಟ್ ಫ್ಯಾನು. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತೆ. ಕ್ರೇಟುಗಳ ಮೇಲೆ ಜಾಗ ಬಿಟ್ಟರೆ ತಂಪು ಗಾಳಿ ಚಾವಣಿಗೆ ಅಂಟಿಕೊಂಡು ಹೊರಗೆ ಹೋಗಿಬಿಡುತ್ತೆ, ಹಣ್ಣಿಗೆ ತಾಗೋದೇ ಇಲ್ಲ. ಅದಕ್ಕೆ ನೆಲದ ಮೇಲೆ ಮರದ ಪಟ್ಟಿ ಹಾಕಿ ಮೂರು ನಾಲ್ಕು ಇಂಚು ಎತ್ತರಿಸಿ, ಕ್ರೇಟಿನ ತೂತುಗಳು ಒಂದಕ್ಕೊಂದು ಎದುರಾಗುವಂತೆ ಜೋಡಿಸಿ, ಮೇಲಿನ ಖಾಲಿ ಜಾಗಕ್ಕೆ ಒಂದು ತಾರ್ಪಾಲು ಇಳಿಬಿಡಿ.

ಈಗ ಒದ್ದೆ ಸೆನ್ಸರ್ ವಿಷಯ. ನೀರು ಆರಿಸಿ ಗಾಳಿಯನ್ನ ಎಷ್ಟರ ತನಕ ತಂಪು ಮಾಡಬಹುದು ಅನ್ನೋದನ್ನ ಅದು ತೋರಿಸುತ್ತೆ. ಬೇಸಿಗೆ ಮಧ್ಯಾಹ್ನ ಹೊರಗೆ 36 ಇದ್ದು ಒದ್ದೆ ಬಟ್ಟೆಯ ಸೆನ್ಸರ್ 22 ತೋರಿಸಿತು ಅನ್ಕೊಳ್ಳಿ. ವ್ಯತ್ಯಾಸ 14. ಒಳ್ಳೆ ಪ್ಯಾಡ್ ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಇಳಿಸುತ್ತೆ, ಅಂದ್ರೆ 25ರ ಹತ್ತಿರದ ಗಾಳಿ ಒಳಗೆ ಬರುತ್ತೆ. ಅದೇ ಮಳೆಗಾಲದಲ್ಲಿ ಹೊರಗೆ 24, ಒದ್ದೆಯದು 22 ಇದ್ದರೆ ಪಂಪು ಓಡಿಸಿ ಏನೂ ಪ್ರಯೋಜನ ಇಲ್ಲ, ಲೋಡಿಗೆ ಬರೀ ತೇವ ಏರುತ್ತೆ. ಹಾಗಾಗಿ ಪ್ರೋಗ್ರಾಮಿನಲ್ಲಿ ಹೀಗೆ ಬರೆಯಿರಿ: ವ್ಯತ್ಯಾಸ 5ಕ್ಕಿಂತ ಜಾಸ್ತಿ ಇದ್ದು, ಈ ಲೆಕ್ಕದ ಪ್ರಕಾರ ಪ್ಯಾಡಿನಿಂದ ಬರುವ ಗಾಳಿ ನಡು ಹಣ್ಣಿಗಿಂತ ತಂಪಾಗಿದ್ದರೆ ಪಂಪೂ ಫ್ಯಾನೂ ಎರಡೂ ಓಡಲಿ. ರಾತ್ರಿ ಹೊರಗಿನ ಗಾಳಿಯೇ ಹಣ್ಣಿಗಿಂತ ತಂಪಾಗಿದ್ದರೆ ಬರೀ ಫ್ಯಾನ್. ಎರಡೂ ಇಲ್ಲ ಅಂದ್ರೆ ಎಲ್ಲಾ ಬಂದ್, ಬಾಗಿಲೂ ಬಂದ್. ಆನ್ ಆಗುವ ಅಂಕಿಗೂ ಆಫ್ ಆಗುವ ಅಂಕಿಗೂ ಎರಡು ಡಿಗ್ರಿ ಅಂತರ ಇರಲಿ, ಇಲ್ಲದಿದ್ದರೆ ಪಂಪು, ಫ್ಯಾನನ್ನ ಆನ್ ಆಫ್ ಮಾಡುವ ಸ್ವಿಚ್ಚು, ಅಂದ್ರೆ ರಿಲೇ, ಟಕಟಕ ಅಂತ ಬಡಿದುಕೊಂಡು ಸುಟ್ಟುಹೋಗುತ್ತೆ. ಎಂಜಿನ್ ಆಫ್ ಇದ್ದಾಗ ಫ್ಯಾನ್ ಓಡದ ಹಾಗೆ ಇಗ್ನಿಷನ್ನಿಗೆ ರಿಲೇ ಕಟ್ಟಿ. ಡಾಬಾದಲ್ಲಿ ಊಟಕ್ಕೆ ನಿಂತ ಗಾಡಿ ಮತ್ತೆ ಸ್ಟಾರ್ಟ್ ಆಗಬೇಕಲ್ವಾ.

ಹೀಗೆ ನೀರಿನಿಂದ ಮಾಡುವ ತಂಪು ಟೊಮೆಟೊಗೆ ಹೊಂದುತ್ತೆ. 10 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಕಾಯಿ ಸರಿಯಾಗಿ ಬಣ್ಣ ತಿರುಗಲ್ಲ, ಗುಳಿ ಬೀಳುತ್ತೆ, ಐಸ್ ಸುರಿಯುವವರು ಇದನ್ನ ಮರೆಯುತ್ತಾರೆ. ಶ್ರೀನಿವಾಸಪುರದ ಮಾವಿಗೂ ಅದೇ ಮಾತು. ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಗುಲಾಬಿಗೆ ಮಾತ್ರ ಸೊನ್ನೆ ಹತ್ತಿರದ ತಂಪು ಬೇಕು, ಅದಕ್ಕೆ ಫ್ರಿಜ್ಜಿನಂಥ ಯಂತ್ರ ಇರುವ ನಿಜವಾದ ರೀಫರ್ ಗಾಡಿಯೇ ಸರಿ, ಈ ಕೂಲರ್ ಹಾಕಿ ಸಮಾಧಾನ ಪಟ್ಟುಕೊಳ್ಳಬೇಡಿ. ಸೊಪ್ಪು, ಹೂವನ್ನ ಹಣ್ಣಾದ ಟೊಮೆಟೊ ಜೊತೆ ಒಂದೇ ಗಾಡಿಯಲ್ಲಿ ಹಾಕಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಹಳದಿಯಾಗುತ್ತೆ, ಹೂ ಬೇಗ ಬಾಡುತ್ತೆ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ನೀರು ಆರಿದಂತೆಲ್ಲಾ ಉಪ್ಪು ಪ್ಯಾಡಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತೆ, ಗಾಳಿ ಕಟ್ಟುತ್ತೆ. ಟ್ರೇಯಲ್ಲಿ ಉಳಿದ ನೀರಿಗೇ ಹೊಸ ನೀರು ಸುರಿಯಬೇಡಿ, ಪ್ರತಿ ಟ್ರಿಪ್ಪಿಗೂ ಪೂರ್ತಿ ಚೆಲ್ಲಿ ತುಂಬಿಸಿ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ. ಲೋಡ್ ಇಳಿದ ಮೇಲೆ ಪಂಪ್ ನಿಲ್ಲಿಸಿ ಫ್ಯಾನ್ ಮಾತ್ರ ಅರ್ಧ ಗಂಟೆ ಓಡಿಸಿ ಪ್ಯಾಡ್ ಒಣಗಿಸಿ, ಪಾಚಿ ವಾಸನೆ ಬರಲ್ಲ.

ಗಾಡಿಯ ಬಾಡಿಯನ್ನ ಕತ್ತರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಗಾಡಿಯ ಮೂಲ ರೂಪ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂನಲ್ಲಿ ನಿರ್ಬಂಧ ಇದೆ. ಪ್ಯಾಡಿನ ಚೌಕಟ್ಟನ್ನ ಬೋಲ್ಟ್ ಬಿಚ್ಚಿ ತೆಗೆಯುವಂತೆ ಮಾಡಿಸಿದರೆ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗುವಾಗಲೂ ಅನುಕೂಲ, ಮಳೆಗಾಲದಲ್ಲಿ ಬಿಚ್ಚಿಡೋದಕ್ಕೂ ಅನುಕೂಲ. ಸೆನ್ಸರುಗಳನ್ನ ಮಾತ್ರ ವರ್ಷಪೂರ್ತಿ ಹಾಗೇ ಬಿಡಿ.