ಕುದುರೆಯ ಕಾಲಿನ ಗಾಯ: ಮದ್ದಿಗಿಂತ ಮೊದಲು ನೀರು

ತಂತಿಬೇಲಿಗೆ ಸಿಕ್ಕಿ ಹಿಂಗಾಲು ಹರಿದುಕೊಂಡಿದ್ದ ಕುದುರೆಯೊಂದನ್ನು ಮೂರು ವಾರಗಳ ಬಳಿಕ ನೋಡಿದ್ದೆ. ಅಂಗೈಯಗಲದ ಗಾಯದಿಂದ ಹೂಕೋಸಿನಂತೆ ಕೆಂಪು ಮಾಂಸ ಹೊರಗೆ ಉಬ್ಬಿತ್ತು. ಪಕ್ಕದ ಕಟ್ಟೆಯ ಮೇಲೆ ಹೈಡ್ರೋಜನ್ ಪೆರಾಕ್ಸೈಡಿನ ಖಾಲಿ ಬಾಟಲಿಗಳು ಸಾಲಾಗಿ ನಿಂತಿದ್ದವು. ದಿನಕ್ಕೆರಡು ಬಾರಿ ನೊರೆ ಬರುವಂತೆ ತೊಳೆಯುತ್ತಿರುವುದಾಗಿ ಮಾಲೀಕರು ಹೆಮ್ಮೆಯಿಂದಲೇ ಹೇಳಿದರು. ಆ ನೊರೆ ರೋಗಾಣುಗಳ ಜೊತೆಗೆ ಗಾಯವನ್ನು ಮುಚ್ಚಬೇಕಾದ ಜೀವಕೋಶಗಳನ್ನೂ ಸುಡುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಗಾಯ ಕಂಡಾಗ ಮೊದಲು ಪ್ರಾಣಿಯನ್ನು ಗದ್ದಲವಿಲ್ಲದ ಕಡೆ ನಿಲ್ಲಿಸಿ, ಹಗ್ಗ ಹಿಡಿಯಲು ಇನ್ನೊಬ್ಬರನ್ನು ಕರೆಯಿರಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಚಿ ಒತ್ತಿ ಹಿಡಿಯಿರಿ. ಅದು ನೆನೆದರೆ ಕೀಳದೆ ಮೇಲೆಯೇ ಇನ್ನೊಂದನ್ನು ಇಡಿ.

ಎರಡನೆಯದು, ಗಾಯ ಎಲ್ಲಿದೆ ಎಂದು ನೋಡುವುದು. ಎದೆಯ ಮೇಲಿನ ದೊಡ್ಡ ಹರಿದ ಗಾಯವು ಭಯಾನಕವಾಗಿ ಕಂಡರೂ ಸಾಮಾನ್ಯವಾಗಿ ಚೆನ್ನಾಗಿಯೇ ಮಾಗುತ್ತದೆ. ಕೀಲಿನ ಬಳಿಯ, ಬೆರಳ ತುದಿಯಷ್ಟೂ ಇಲ್ಲದ ತೂತು ಕುದುರೆಯ ಪ್ರಾಣಕ್ಕೇ ಕುತ್ತು ತರಬಹುದು. ತೂತಿನಿಂದ ಹಳದಿ ಬಣ್ಣದ, ಬೆರಳಿಗೆ ಅಂಟಿ ಎಳೆಯಾಗಿ ಬರುವ ದ್ರವ ಒಸರುತ್ತಿದ್ದರೆ ಅದು ಕೀಲಿನೊಳಗಿನ ದ್ರವವಾಗಿರುವ ಸಾಧ್ಯತೆಯಿದೆ. ಕಡ್ಡಿ ಹಾಕಿ ಆಳ ನೋಡುವ ಸಾಹಸ ಬೇಡ. ಶುಭ್ರ ಬಟ್ಟೆಯಿಂದ ಮುಚ್ಚಿ ಆ ಕ್ಷಣವೇ ಪಶುವೈದ್ಯರನ್ನು ಕರೆಯಿರಿ. ಹೊಲಿಗೆ ಬೇಕಾದ ಗಾಯವನ್ನೂ ಆರೆಂಟು ಗಂಟೆಗಳೊಳಗೆ ಅವರು ನೋಡುವಂತಾದರೆ ಒಳ್ಳೆಯದು.

ಮೂರನೆಯದು ತೊಳೆಯುವುದು, ಬಹುತೇಕರು ಎಡವುವುದೂ ಇಲ್ಲಿಯೇ. ಮೊದಲು ನೀರಿನಲ್ಲಿ ಕರಗುವ ಜೆಲ್ಲನ್ನು ಗಾಯದೊಳಗೆ ತುಂಬಿ, ಆಮೇಲೆ ಸುತ್ತಲಿನ ಕೂದಲನ್ನು ಕತ್ತರಿಸಿ. ತುಂಡಾದ ಕೂದಲು ಜೆಲ್ಲಿಗೆ ಅಂಟಿಕೊಂಡು ಅದರೊಂದಿಗೇ ತೊಳೆದುಹೋಗುತ್ತದೆ. ಜೆಲ್ ಹಾಕದೆ ಕತ್ತರಿಸಿದರೆ ಒಂದೊಂದೇ ಕೂದಲನ್ನು ಮಾಂಸದಿಂದ ಹೆಕ್ಕುತ್ತ ಕೂರಬೇಕಾಗುತ್ತದೆ. ತೊಳೆಯಲು ಸಲೈನ್ ಅತ್ಯುತ್ತಮ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿಕೊಳ್ಳಿ. ಒಂದು ಲೋಟ ನೀರು ಹುಯ್ದು ಕೈತೊಳೆದುಕೊಳ್ಳಬೇಡಿ, ಲೀಟರುಗಟ್ಟಲೆ ಬೇಕಾಗುತ್ತದೆ. ನೀರು ಸುಮ್ಮನೆ ಹರಿದುಹೋದರೆ ಮಣ್ಣು ಏಳುವುದಿಲ್ಲ, ರಭಸವಾಗಿ ಬಡಿದರೆ ಅದೇ ಮಣ್ಣು ಮಾಂಸದ ಪದರಗಳೊಳಗೆ ಹೊಕ್ಕುತ್ತದೆ. 35 ಮಿಲಿಲೀಟರ್ ಸಿರಿಂಜಿಗೆ 18 ಗೇಜಿನ ಸೂಜಿ ಸಿಕ್ಕಿಸಿ ಹೆಬ್ಬೆರಳಿನಿಂದ ಒತ್ತಿದಾಗ ಬರುವ ಧಾರೆ ಹದವಾದದ್ದು. ಸೂಜಿ ತಿರುಪಿನಿಂದ ಬಿಗಿಯಾಗಿ ಕೂರುವಂಥದ್ದಾಗಿರಲಿ, ಇಲ್ಲವಾದರೆ ಒತ್ತಡಕ್ಕೆ ಹಾರಿ ಗಾಯಕ್ಕೇ ಚುಚ್ಚಿಕೊಳ್ಳುತ್ತದೆ. ಚಂಚಲ ಕುದುರೆಯಾದರೆ ಸೂಜಿಯ ಗೊಡವೆಯೇ ಬೇಡ, ಶುಭ್ರವಾದ ಸ್ಪ್ರೇ ಬಾಟಲಿ ಸಾಕು. ಧಾರೆಯನ್ನು ನೇರವಾಗಿ ಚುಚ್ಚದೆ ಓರೆಯಾಗಿ, ಒಳಗಿನಿಂದ ಅಂಚಿನ ಕಡೆಗೆ ಹಾಯಿಸಿ. ಮಾಂಸ ಸ್ವಚ್ಛವಾದ ಗುಲಾಬಿ ಬಣ್ಣಕ್ಕೆ ಬಂದಾಗ ನಿಲ್ಲಿಸಿ. ಅದಕ್ಕೂ ಮೀರಿ ತೊಳೆದರೆ ಮಾಂಸ ನೀರು ಕುಡಿದು ಬಾತು ಬೆಳ್ಳಗಾಗುತ್ತದೆ.

ಪೋವಿಡೋನ್ ಅಯೋಡಿನ್ ಎಂಬ ರೋಗಾಣುನಾಶಕವನ್ನು ಬಳಸುವವರು ಶೇ 10ರ ದ್ರಾವಣವನ್ನು ಲೀಟರಿಗೆ 10 ಮಿಲಿಲೀಟರಿನಂತೆ ತೆಳುಮಾಡಬೇಕು. ಬಾಟಲಿಯ ಮೇಲೆ ‘ಸ್ಕ್ರಬ್’ ಎಂದಿದ್ದರೆ ಅದರಲ್ಲಿ ಸಾಬೂನಿನಂಶವಿರುತ್ತದೆ, ಗಾಯದೊಳಗೆ ಅದು ಸಲ್ಲದು. ಮೈಲುತುತ್ತ, ಸೀಮೆಎಣ್ಣೆ, ಹೆಸರಿಲ್ಲದ ಪುಡಿಗಳು ಇವೆಲ್ಲವನ್ನೂ ದೂರವಿಡಿ. ನೇರಳೆ ಸ್ಪ್ರೇ ಬಗ್ಗೆಯೂ ನನಗೆ ಒಲವಿಲ್ಲ, ಅದರ ಬಣ್ಣದಡಿಯಲ್ಲಿ ಮಾಂಸ ಹೇಗಿದೆ ಎಂಬುದೇ ಕಾಣುವುದಿಲ್ಲ.

ನಾಲ್ಕನೆಯದು ಪಟ್ಟಿ. ಗಾಯಕ್ಕೆ ಅಂಟದ ಡ್ರೆಸ್ಸಿಂಗ್, ಅದರ ಮೇಲೆ ದಪ್ಪನೆಯ ಹತ್ತಿ, ಹೊರಗೆ ಹಿಗ್ಗುವ ಬ್ಯಾಂಡೇಜ್, ಹೀಗೆ ಮೂರು ಪದರ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು, ಹತ್ತಿ ಎರಡೂ ಕಡೆ ಇಣುಕುತ್ತಿರಬೇಕು. ಹತ್ತಿಯಲ್ಲಿ ಜಿಪುಣತನ ಮಾಡಿ ಬ್ಯಾಂಡೇಜನ್ನು ಬಿಗಿದರೆ ಮೂಳೆ ಚಾಚಿರುವ ಕಡೆಗಳಲ್ಲಿ ಹೊಸ ಹುಣ್ಣು ಏಳುತ್ತದೆ. ಆರಂಭದಲ್ಲಿ ಪ್ರತಿದಿನ, ಒಸರುವುದು ಕಡಿಮೆಯಾದ ಮೇಲೆ ಎರಡು ಮೂರು ದಿನಗಳಿಗೊಮ್ಮೆ ಬದಲಿಸಿ. ಒದ್ದೆಯಾದರೆ, ಜಾರಿದರೆ ಕೂಡಲೇ ಬಿಚ್ಚಿ.

ಧನುರ್ವಾಯುವಿನ ವಿಷಕ್ಕೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲವೆನ್ನಬಹುದು. ಲಸಿಕೆಯ ದಿನಾಂಕ ನೆನಪಿಲ್ಲದಿದ್ದರೆ ಹಾಕಿಲ್ಲವೆಂದೇ ತಿಳಿದು ಪಶುವೈದ್ಯರಿಗೆ ಹೇಳಿ. ದನ, ಎಮ್ಮೆಗಳಲ್ಲಿ ನೊಣದ ಕಾಟವೇ ದೊಡ್ಡದು. ಮೊಟ್ಟೆಯೊಡೆದು ಹುಳುವಾಗಲು ಒಂದು ದಿನವೂ ಬೇಕಿಲ್ಲವಾದ್ದರಿಂದ ಕಿವಿ, ಕೊಂಬಿನ ಬುಡ ಹಾಗೂ ಗೊರಸಿನ ಸಂದುಗಳನ್ನು ಬೆಳಿಗ್ಗೆ ಸಂಜೆ ನೋಡಬೇಕು.

ಇನ್ನು ಆ ಉಬ್ಬಿದ ಮಾಂಸದ ವಿಚಾರ. ಕುದುರೆಯ ಮಂಡಿಯಿಂದ ಕೆಳಗೆ ಚರ್ಮವು ಬಿಗಿಯಾಗಿರುವುದರಿಂದ ಗಾಯ ಕುಗ್ಗುವುದು ಕಡಿಮೆ. ಉರಿಯೂತ ಬಹುದಿನ ಎಳೆದು, ಹೊಸ ಮಾಂಸ ಚರ್ಮದ ಮಟ್ಟವನ್ನು ಮೀರಿ ದುರ್ಮಾಂಸವಾಗಿ ಬೆಳೆಯುತ್ತದೆ. ಅಂಚಿನಿಂದ ತೆವಳಿ ಬರಬೇಕಾದ ತಿಳಿಗುಲಾಬಿ ಚರ್ಮಕ್ಕೆ ಆ ದಿಬ್ಬವನ್ನು ಏರಲಾಗುವುದಿಲ್ಲ. ದುರ್ಮಾಂಸದಲ್ಲಿ ನರಗಳಿಲ್ಲ, ಕೊಯ್ದರೆ ನೋವಾಗದು, ಆದರೆ ರಕ್ತ ಧಾರಾಳವಾಗಿ ಹರಿಯುತ್ತದೆ; ಹಾಗಾಗಿ ಕತ್ತಿ ಪಶುವೈದ್ಯರ ಕೈಯಲ್ಲಿಯೇ ಇರಲಿ.

ಕೆಳಗಾಲಿನಲ್ಲಿ ಚರ್ಮ ದಿನಕ್ಕೆ ಸುಮಾರು 0.1 ಮಿಲಿಮೀಟರ್‌ನಷ್ಟೇ ಮುಂದುವರಿಯುತ್ತದೆ, ಅಂದರೆ ಒಂದು ಸೆಂಟಿಮೀಟರಿಗೆ ಮೂರು ತಿಂಗಳಿಗೂ ಹೆಚ್ಚು. ಕಣ್ಣಳತೆಯನ್ನು ನಂಬದೆ, ವಾರಕ್ಕೊಮ್ಮೆ ಗಾಯದ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಕೆಲವು ವಾರಗಳಾದರೂ ಅಂಚು ಕದಲದೆ, ಒಂದೇ ಸಣ್ಣ ತೂತಿನಿಂದ ಕೀವು ಬರುತ್ತಲೇ ಇದ್ದರೆ ಒಳಗೆ ಸತ್ತ ಮೂಳೆಯ ಚೂರೋ ಮರದ ಸಿಬಿರೋ ಉಳಿದಿರಬಹುದು. ಆಗ ಮುಲಾಮು ಬದಲಿಸುತ್ತ ಕೂರದೆ ಎಕ್ಸ್‌ರೇ ಮಾಡಿಸಿ.