ಅಡಿಕೆ ಗೂಡಿನಲ್ಲಿ ಕಾಟು ಮಾವಿನ ಮಾಂಬಳ: ನನ್ನ ಅನುಭವ

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮ ಪುತ್ತೂರು ಕಡೆಯೂ ಬಿಸಿಲು ಮಾಯ. ಮಾಂಬಳ ಅಂದರೆ ಮಾವಿನ ರಸವನ್ನು ಪದರ ಪದರವಾಗಿ ಸವರಿ ಒಣಗಿಸಿದ ಹಾಳೆ; ನಾನು ಮಾಡುವುದು ಕಾಟು ಮಾವಿನದ್ದು, ಅಂದರೆ ಕಾಡು ಮಾವಿನದ್ದು. ಚಾಪೆಯಲ್ಲಿ ಮಾಂಬಳ ಹಾಕಿದ್ದ ಎಷ್ಟೋ ಮನೆಗಳಲ್ಲಿ ಅದು ಅರ್ಧದಲ್ಲೇ ನಿಂತಿತು. ನನ್ನದು ಅಷ್ಟರೊಳಗೆ ಸುಮಾರು 22 ಕಿಲೋ ಒಣಗಿ ಡಬ್ಬಿ ಸೇರಿತ್ತು. ಅದೂ ಅಡಿಕೆ ಒಣಗಿಸುವ, ಪಾರದರ್ಶಕ ಶೀಟು ಹೊದಿಸಿದ ಸೋಲಾರ್ ಗೂಡಿನಲ್ಲಿ. "ಅದರಲ್ಲಿ ಮಾಂಬಳ ಆಗುವುದುಂಟಾ?" ಎಂದು ಕೇಳಿದವರಿಗೆಲ್ಲ ಒಂದೊಂದು ತುಂಡು ಕೊಟ್ಟು ಬಂದೆ. ಕೊಡುವಾಗ ತುಂಬ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಇದರ ಹಟ ಹಿಡಿದದ್ದು 2021ರಲ್ಲಿ. ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂತಲ್ಲ, ಆಗ ನನ್ನ ಚಾಪೆಯಲ್ಲಿ 8 ಪದರ ಆಗಿತ್ತು. ಇನ್ನು ನಾಲ್ಕು ದಿನದ ಬಿಸಿಲು ಸಿಕ್ಕಿದ್ದರೆ ಸಾಕಿತ್ತು. ಸಿಕ್ಕಿದ್ದು ನಾಲ್ಕು ದಿನದ ಮಳೆ. ಒಳಗೆ ತಂದು ಫ್ಯಾನಿನಡಿ ಇಟ್ಟೆ. ಐದನೇ ದಿನ ಅಂಚಿನಿಂದ ಬೂಸ್ಟು ಶುರುವಾಯಿತು. ಒಂದೂವರೆ ಕ್ವಿಂಟಾಲ್ ಹಣ್ಣು ಹೆಕ್ಕಿ, ಹಿಂಡಿ, ಸೋಸಿದ ಕೆಲಸ ಪೂರ್ತಿ ಗೊಬ್ಬರದ ಗುಂಡಿಗೆ ಹೋಯಿತು. ಅದನ್ನು ಸುರಿದು ಬರುವಾಗ ಅಂಗಳದ ಆಚೆ ಸೋಲಾರ್ ಗೂಡು ಖಾಲಿ ನಿಂತಿದ್ದು ಕಣ್ಣಿಗೆ ಬಿತ್ತು. ಮೇ ಹೊತ್ತಿಗೆ ನಮ್ಮ ಅಡಿಕೆ ಒಣಗಿ ಮುಗಿದಿರುತ್ತದೆ. ಇದನ್ನೇ ಯಾಕೆ ಬಳಸಬಾರದು ಅನಿಸಿತು.

ಮರುವರ್ಷ ಹಾಕಿಯೇ ಬಿಟ್ಟೆ. "ಎಂತದು ಮಾರಾಯ್ತಿ, ಮಾಂಬಳವನ್ನು ಬೇಯಿಸುತ್ತೀಯಾ?" ಎಂದರು ಅತ್ತೆ. ಅವರ ಮಾತೇ ನಿಜವಾಯಿತು. ಬಿಸಿ ಜಾಸ್ತಿ ಆದಷ್ಟು ಬೇಗ ಒಣಗುತ್ತದೆ ಎಂದು ಗೂಡಿನ ಎಲ್ಲ ಬದಿ ಮುಚ್ಚಿದ್ದೆ. ಒಳಗೆ ಇಟ್ಟ ಥರ್ಮಾಮೀಟರ್ ಮಧ್ಯಾಹ್ನ 58 ಡಿಗ್ರಿ ತೋರಿಸಿತು. ರಸವನ್ನು ಒಂದು ಬೆರಳು ದಪ್ಪ ಸುರಿದಿದ್ದೆ. ಸಂಜೆ ನೋಡಿದರೆ ಶೀಟಿನ ಒಳಮೈ ತುಂಬ ನೀರ ಹನಿ. ಅದೇ ತೊಟ್ಟಿಕ್ಕಿ ವಾಪಸ್ ರಸಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಮೇಲೆಲ್ಲ ನೊರೆ, ಕಳ್ಳಿನ ವಾಸನೆ. 25 ಲೀಟರ್ ರಸ ಹೋಯಿತು.

2023ರಲ್ಲಿ ತೆಳ್ಳಗೆ ಹಾಕಿದೆ, ಎರಡೂ ಬದಿ ತೆರೆದಿಟ್ಟೆ. ಒಣಗಿತು. ಆದರೆ ದುಡ್ಡು ಉಳಿಸಲು ಅಲ್ಯೂಮಿನಿಯಂ ತಟ್ಟೆ ತಂದಿದ್ದೆ. ಕಾಟು ಮಾವಿನ ಹುಳಿ ಅದನ್ನು ಬಿಡುತ್ತದಾ? ಮಾಂಬಳದ ಅಡಿ ಕಪ್ಪಾಗಿ ಲೋಹದ ರುಚಿ ಹತ್ತಿತು. ಸುಮಾರು 3,000 ರೂಪಾಯಿ ಹಾಳು. ಮೇಲಿಂದ ತೆರೆದ ಬದಿಯಿಂದ ನೊಣದ ಹಿಂಡೇ ಒಳಗೆ ಬಂತು. ಆ ವರ್ಷ ತಿನ್ನಲು ಆದದ್ದು 4 ಕಿಲೋ ಇರಬಹುದು. ಪಕ್ಕದ ಮನೆಯವರು ಬಂದು ನೋಡಿ, "ಅಕ್ಕಾ, ಇದರ ಬದಲು ಎರಡು ಚಾಪೆ ಜಾಸ್ತಿ ಹಾಕಿ" ಎಂದರು. ಬೇಜಾರಾಯಿತು, ಬಿಡಲಿಲ್ಲ.

ಎರಡು ಸಲ ಸೋತ ಮೇಲೆ ಗೊತ್ತಾಯಿತು. ಇಲ್ಲಿ ಕೆಲಸ ಮಾಡುವುದು ಬಿಸಿಗಿಂತ ಗಾಳಿ. ಆವಿಯಾದ ನೀರು ಹೊರಗೆ ಹೋಗಲೇಬೇಕು. ಈಗ ಒಂದು ತುದಿಯಲ್ಲಿ ನೆಲದ ಹತ್ತಿರ ಒಂದು ಗೇಣು ಎತ್ತರದ ಸಂದು, ಎದುರು ತುದಿಯಲ್ಲಿ ಮಾಡಿನ ಹತ್ತಿರ ಅಷ್ಟೇ ಅಗಲದ ಸಂದು ಬಿಟ್ಟಿದ್ದೇನೆ. ಎರಡಕ್ಕೂ ಸೊಳ್ಳೆ ಬಲೆ. ಮೇಲಿನದಕ್ಕೆ ಸಣ್ಣ ಎಕ್ಸಾಸ್ಟ್ ಫ್ಯಾನ್, ಮೊದಲ ದಿನ ನಾಲ್ಕು ಗಂಟೆ ಓಡಿಸಿದರೆ ಸಾಕು. ಒಳಗಿನ ಬಿಸಿ 45ರ ಸುತ್ತ ಇಳಿಯಿತು, ಒಣಗುವುದು ಮಾತ್ರ ಬೇಗ ಆಯಿತು. ಹನ್ನೊಂದು ಗಂಟೆಗೆ ಶೀಟಿನ ಒಳಮೈ ಸವರಿ ನೋಡುತ್ತೇನೆ. ಅಂಗೈ ಒದ್ದೆಯಾದರೆ ಸಂದು ಸಾಲದು ಎಂದರ್ಥ.

ತಟ್ಟೆ ಈಗ ಸ್ಟೀಲಿನದ್ದು, 16 ಉಂಟು. ರಸ ದೋಸೆಯಷ್ಟೇ ದಪ್ಪ. ಸಂಜೆ ಐದಕ್ಕೆ ತಟ್ಟೆಗಳನ್ನು ಮನೆಯೊಳಗೆ ತರಬೇಕು, ಇಲ್ಲದಿದ್ದರೆ ರಾತ್ರಿಯ ತಂಪು ಹಗಲಿನ ಕೆಲಸವನ್ನು ಹಾಳು ಮಾಡುತ್ತದೆ. ಎರಡನೇ ದಿನ ಸಂಜೆ ಮೂಲೆಯನ್ನು ಉಗುರಿನಲ್ಲಿ ಎಬ್ಬಿಸಿ ಎಳೆದರೆ ಚರ್ ಎಂದು ಇಡೀ ಹಾಳೆ ಎದ್ದು ಬರುತ್ತದೆ. ಬೆಳಕಿಗೆ ಹಿಡಿದರೆ ಕಾವಿ ಬಣ್ಣ, ಆಚೆಯ ಬೆರಳು ಕಾಣುವಷ್ಟು ತೆಳು. ಇಂಥ ಆರು ಹಾಳೆಗಳ ನಡುವೆ ಹೊಸ ರಸ ಸವರಿ ಒಂದರ ಮೇಲೊಂದು ಇಟ್ಟು ಇನ್ನೊಂದು ದಿನ ಒಣಗಿಸಿದರೆ ಚಾಪೆಯ ಮಾಂಬಳದ್ದೇ ದಪ್ಪ. ಚಾಪೆಗೆ 12–15 ದಿನ ಬೇಕಾಗುತ್ತಿತ್ತು. ತಟ್ಟೆಗೆ ಏನು ಸವರುತ್ತೇನೆ ಎಂಬುದೊಂದು ನನ್ನಲ್ಲೇ ಇರಲಿ. ಎಣ್ಣೆ ಅಂತೂ ಅಲ್ಲ, ಎಣ್ಣೆ ಆಗಸ್ಟಿಗೆ ಕಮಟು ವಾಸನೆ ಬರುತ್ತದೆ.

ಹಣ್ಣಿನ ವಿಷಯ. ಕಾಟು ಮಾವಿನ ಮರ ಹತ್ತಿ ಕೊಯ್ಯುವಂಥದ್ದಲ್ಲ, ಬಿದ್ದದ್ದೇ ಗತಿ. ಮೊದಲೆಲ್ಲ ಅರ್ಧದಷ್ಟು ಒಡೆದು ಮಣ್ಣಾಗುತ್ತಿತ್ತು. ಈಗ ಮರದಡಿ ಸೊಂಟದೆತ್ತರಕ್ಕೆ ಹಳೆ ಶೇಡ್ ನೆಟ್ ಸಡಿಲವಾಗಿ ಕಟ್ಟಿದ್ದೇನೆ. ಬೆಳಿಗ್ಗೆ ಹೆಕ್ಕಿ ಅದೇ ದಿನ ಹಿಂಡಬೇಕು. ಒಂದೆರಡು ಜೋರು ಮಳೆ ಬಿದ್ದ ಮೇಲೆ ಹುಳ ಜಾಸ್ತಿ, ಆಮೇಲಿನ ಹಣ್ಣನ್ನು ನಾನು ಮುಟ್ಟುವುದಿಲ್ಲ. 10 ಕಿಲೋ ಹಣ್ಣಿಗೆ ನಾಲ್ಕು ಲೀಟರ್ ಚಿಲ್ಲರೆ ರಸ, ಅದರಿಂದ 800 ಗ್ರಾಂ ಮಾಂಬಳ. ಗೊರಟು, ನಾರು ಅಷ್ಟು ಇರುತ್ತದೆ.

ಗೂಡು ಇದೆ ಎಂದು ಬೇರೆಯದ್ದನ್ನೂ ಹಾಕಿ ನೋಡಿದೆ. ಪುನರ್ಪುಳಿ (ಕೋಕಂ) ಸಿಪ್ಪೆ ಬಹಳ ಚೆನ್ನಾಗಿ ಆಯಿತು, ಬಣ್ಣ ಅಂಗಳದಲ್ಲಿ ಒಣಗಿಸಿದ್ದಕ್ಕಿಂತ ಮೇಲು. ಮೆತ್ತಗಿನ ತೊಳೆಯ ತುಳುವ ಹಲಸಿನ ಮಾಂಬಳವೂ ಆಗುತ್ತದೆ, ಆದರೆ ತಿರುಳನ್ನು ಮೊದಲು ಬೇಯಿಸಿ ಗಟ್ಟಿ ಮಾಡಿಕೊಳ್ಳಬೇಕು. ಹಸಿ ತಿರುಳು ಹಾಕಿ ಒಮ್ಮೆ ಹುಳಿಯಾಯಿತು. ಮಾವಿನ ರಸಕ್ಕೆ ಬೆಲ್ಲ ಹಾಕಿದ ಎರಡು ತಟ್ಟೆ ಜುಲೈಯಲ್ಲಿ ಬೆವರಿ ಅಂಟಂಟಾದವು. ಬೆಲ್ಲ ಮಳೆಗಾಲದ ತೇವ ಎಳೆಯುತ್ತದೆ. ಮಕ್ಕಳಿಗೆ ಸಿಹಿ ಬೇಕಾದರೆ ತಿನ್ನುವಾಗ ಹಾಕಿಕೊಂಡರಾಯಿತು.

ಖರ್ಚು: ಸ್ಟೀಲ್ ತಟ್ಟೆ 8,000ದ ಹತ್ತಿರ, ಫ್ಯಾನ್ 1,900, ಬಲೆ ಮತ್ತು ಚಿಲ್ಲರೆ ಸಾಮಾನು ಒಂದು ಸಾವಿರ. ಗೂಡು ಮೊದಲೇ ಇತ್ತು, ಅದನ್ನು ಲೆಕ್ಕ ಹಿಡಿದಿಲ್ಲ. 15 ಕಿಲೋ ಮಾಂಬಳ ಕಿಲೋಗೆ 600ರಂತೆ ಹೋಯಿತು. ಹಾಳಾದ ಅಲ್ಯೂಮಿನಿಯಂ ಲೆಕ್ಕ ಬಿಟ್ಟರೂ ಹಾಕಿದ್ದು ಇನ್ನೂ ಪೂರ್ತಿ ಬಂದಿಲ್ಲ. ಇನ್ನೊಂದು ವರ್ಷ ಹಣ್ಣು ಹಿಡಿದರೆ ಬರುತ್ತದೆ.

ಕೊನೆಯ ನಾಲ್ಕು ತಟ್ಟೆ ಮಳೆಗೆ ಸಿಕ್ಕಿದವು. ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ ಮುಗಿಸಿದೆ. ಸ್ವಲ್ಪ ಹೊಗೆ ವಾಸನೆ ಹಿಡಿದಿದೆ. ಅತ್ತೆ ಗೊಜ್ಜಿಗೆ ಅದನ್ನೇ ತೆಗೆಯುತ್ತಿದ್ದಾರೆ, "ಇದು ಹಳೆ ಕಾಲದ್ದರ ಹಾಗೆ ಉಂಟು" ಎನ್ನುತ್ತಾ. ಮುಂದಿನ ಮೇಯಲ್ಲಿ ಎರಡು ತಟ್ಟೆಯನ್ನು ಬೇಕೆಂದೇ ಅಟ್ಟಕ್ಕೆ ಏರಿಸಿ ನೋಡಬೇಕು.