ಗೋಡೆಗೆ ಎಷ್ಟು ದಪ್ಪದ ಗ್ಲಾಸ್ ವೂಲ್? ಕೊಳ್ಳುವ ಮೊದಲೇ ಲೆಕ್ಕ ಹಾಕಿ

ಖಾಲಿ ರೂಮಿನಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗುಂಯ್ ಅನ್ನುತ್ತದೆ, ಅಲ್ವಾ? ಹಾಸಿಗೆ, ದಿಂಬು ತಂದಿಟ್ಟರೆ ಅಡಗುತ್ತದೆ. ಅವುಗಳ ಒಳಗಿನ ಸಣ್ಣ ಸಂದುಗಳಲ್ಲಿ ಗಾಳಿ ಎಳೆಗಳಿಗೆ ಉಜ್ಜುತ್ತಾ ಓಡಾಡಿ, ಸದ್ದಿನ ಶಕ್ತಿ ಶಾಖವಾಗಿಬಿಡುತ್ತದೆ. ಎಷ್ಟು ಅಡಗುತ್ತದೆ ಅಂತ ಲೆಕ್ಕ ಹಾಕಲು 1970ರಲ್ಲಿ ಬ್ರಿಟನ್ನಿನ ಡೆಲಾನಿ ಮತ್ತು ಬ್ಯಾಜ್ಲಿ ಕೊಟ್ಟ ಸೂತ್ರ ಸಾಕು. ಗೋಡೆಗೆ ಗ್ಲಾಸ್ ವೂಲ್ (ಗಾಜಿನ ಎಳೆಗಳ, ಹತ್ತಿಯಂಥ ಹೊದಿಕೆ) ಹಾಕಿ ಮನೆಯಲ್ಲೇ ರೆಕಾರ್ಡಿಂಗ್ ರೂಮ್ ಮಾಡಿಕೊಳ್ಳುವವರಿಗೆ ಇದು ದುಡ್ಡು ಉಳಿಸುವ ಲೆಕ್ಕ.

ಹಂತ 1. ಮಡಚಿದ ಟವೆಲನ್ನು ಬಾಯಿಗೆ ಹಿಡಿದು ಊದಿ. ಗಾಳಿ ಹೋಗುತ್ತದೆ, ಆದರೆ ಕಷ್ಟಪಟ್ಟು. ಆ ತಡೆಯೇ ಲೆಕ್ಕದ ಬುಡ. ಥರ್ಮಾಕೋಲಿನಲ್ಲಿ ಗಾಳಿ ಹೋಗುವುದೇ ಇಲ್ಲ, ಅದಕ್ಕೇ ಅದು ಸದ್ದು ಹೀರುವುದೂ ಇಲ್ಲ. ನಮ್ಮ ಗ್ಲಾಸ್ ವೂಲಿನ ತಡೆ 10,000 ಅಂತಿಟ್ಟುಕೊಳ್ಳೋಣ (ಚದರ ಮೀಟರಿಗೆ ಪ್ಯಾಸ್ಕಲ್-ಸೆಕೆಂಡ್). ದಪ್ಪ 50 ಮಿ.ಮೀ.

ಹಂತ 2. ಗಾಳಿಯ ಸಾಂದ್ರತೆ 1.2ನ್ನು ಆವರ್ತನದಿಂದ ಗುಣಿಸಿ, ತಡೆಯಿಂದ ಭಾಗಿಸಿ. 500 ಹರ್ಟ್ಜ್‌ಗೆ 0.06 ಬರುತ್ತದೆ. ಇದನ್ನು 'ಎಕ್ಸ್' ಅನ್ನೋಣ. ಇದು 0.01ರಿಂದ 1ರ ಒಳಗಿದ್ದರೆ ಮಾತ್ರ ಸೂತ್ರ ನಂಬಿ.

ಹಂತ 3. ಈಗ ಎರಡು ಕಾಂಪ್ಲೆಕ್ಸ್ ಸಂಖ್ಯೆಗಳು (ನಿಜ ಭಾಗ, ಕಾಲ್ಪನಿಕ ಭಾಗ ಎರಡೂ ಇರುವವು) ಬೇಕು.
ಇಂಪಿಡೆನ್ಸ್ (ಗಾಳಿಗೆ ಹೋಲಿಸಿದರೆ ವೂಲ್ ಸದ್ದಿನ ಅಲೆಗೆ ಒಡ್ಡುವ ತಡೆ): 1 + 0.0571 × ಎಕ್ಸ್‌ನ (−0.754) ಘಾತ, ಕಾಲ್ಪನಿಕ ಭಾಗ −0.087 × ಎಕ್ಸ್‌ನ (−0.732) ಘಾತ.
ಅಲೆ ಸಂಖ್ಯೆ (ಒಂದು ಮೀಟರಿನಲ್ಲಿ ಅಲೆ ಎಷ್ಟು ಬದಲಾಗುತ್ತದೆ ಅನ್ನುವುದು): 1 + 0.0978 × ಎಕ್ಸ್‌ನ (−0.700) ಘಾತ, ಕಾಲ್ಪನಿಕ ಭಾಗ −0.189 × ಎಕ್ಸ್‌ನ (−0.595) ಘಾತ. ಇದನ್ನು ಗಾಳಿಯ ಅಲೆ ಸಂಖ್ಯೆಯಿಂದ (2π × ಆವರ್ತನ ÷ ಸದ್ದಿನ ವೇಗ 343; 500 ಹರ್ಟ್ಜ್‌ಗೆ 9.16) ಗುಣಿಸಿ.
ಇಂಪಿಡೆನ್ಸ್ 1.48, −0.68 ಬಂದರೆ ನಿಮ್ಮ ದಾರಿ ಸರಿ.

ಹಂತ 4. ಅಲೆ ಸಂಖ್ಯೆಯನ್ನು ದಪ್ಪದಿಂದ (0.05 ಮೀಟರ್) ಗುಣಿಸಿ ಅದರ ಕಾಟ್ (ಕೋಟ್ಯಾಂಜೆಂಟ್, ರೇಡಿಯನ್‌ನಲ್ಲಿ) ತೆಗೆಯಿರಿ. ಅದನ್ನು ಇಂಪಿಡೆನ್ಸ್‌ನಿಂದಲೂ ಮೈನಸ್ 'ಐ'ನಿಂದಲೂ (ಐ ಅಂದರೆ −1ರ ವರ್ಗಮೂಲ) ಗುಣಿಸಿ. ಬಂದ ಸಂಖ್ಯೆಯಿಂದ 1 ಕಳೆಯಿರಿ, ಅದೇ ಸಂಖ್ಯೆಗೆ 1 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಇದು ಪ್ರತಿಫಲನ. ಅದರ ಪರಿಮಾಣದ ವರ್ಗವನ್ನು 1ರಿಂದ ಕಳೆದರೆ ಉತ್ತರ: 0.50. ಅಂದರೆ ಬಂದ ಸದ್ದಿನಲ್ಲಿ ಅರ್ಧ ಹೀರಿಕೊಂಡಿತು. ಎಕ್ಸೆಲ್ ಅಥವಾ ಪೈಥಾನ್‌ನಲ್ಲಿ ಇದು ಐದು ನಿಮಿಷದ ಕೆಲಸ.

ಇದೇ ಲೆಕ್ಕ 1000 ಹರ್ಟ್ಜ್‌ಗೆ 0.89 ಕೊಡುತ್ತದೆ. 125 ಹರ್ಟ್ಜ್‌ಗೆ ಬರೀ 0.03! ತೆಳ್ಳಗಿನ ಹೊದಿಕೆ ತಬಲದ ಬಾಯಾಂನ (ಎಡಗೈಯ ಡಗ್ಗ) ತಗ್ಗಿದ ಸದ್ದನ್ನು ಹಿಡಿಯುವುದಿಲ್ಲ ಅನ್ನುವುದು ಇದಕ್ಕೇ.

ಹಂತ 5. ನನಗೆ ತುಂಬಾ ಇಷ್ಟವಾದ ಹಂತ ಇದು. ದಪ್ಪವನ್ನು 100 ಮಿ.ಮೀ. ಮಾಡಿದರೆ 500 ಹರ್ಟ್ಜ್‌ನಲ್ಲಿ 0.94. ಸರಿ, ದುಡ್ಡೂ ಎರಡರಷ್ಟು. ಬದಲಿಗೆ 50 ಮಿ.ಮೀ. ವೂಲ್ ಇಟ್ಟು ಹಿಂದೆ 50 ಮಿ.ಮೀ. ಖಾಲಿ ಬಿಟ್ಟರೆ? ಸೂತ್ರ ಒಂದು ಸಾಲು ಉದ್ದವಾಗುತ್ತದೆ, ಉತ್ತರ 0.91. ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿ ಅಲುಗುವುದೇ ಇಲ್ಲ. ಕಾಲು ಅಲೆಯಷ್ಟು ದೂರದಲ್ಲಿ ಅದರ ಓಡಾಟ ಅತಿ ಜಾಸ್ತಿ. 500 ಹರ್ಟ್ಜ್‌ಗೆ ಆ ದೂರ 17 ಸೆಂ.ಮೀ. ವೂಲ್ ಗೋಡೆಯಿಂದ ಸರಿದಷ್ಟೂ ಆ ಓಡಾಟಕ್ಕೆ ಹತ್ತಿರವಾಗುತ್ತದೆ.

ಈ ಲೆಕ್ಕ ನೇರವಾಗಿ ಬಡಿಯುವ ಸದ್ದಿಗೆ. ಪಕ್ಕದ ಮನೆಗೆ ಸದ್ದು ಹೋಗುವುದನ್ನು ಇದು ತಡೆಯುವುದಿಲ್ಲ, ಅದಕ್ಕೆ ಭಾರದ ಗೋಡೆಯೇ ಬೇಕು.

ಗೋಡೆಗೆ 50 ಮಿ.ಮೀ. ಮರದ ರೀಪರ್ ಹೊಡೆಸಿ, ಮಾಸ್ಕ್, ಗ್ಲೌಸ್ ಹಾಕಿಕೊಂಡು ಅದರ ಮೇಲೆ ವೂಲ್ ಕೂರಿಸಿ, ಬಟ್ಟೆ ಹೊದಿಸಿ. ಬಟ್ಟೆ ಕೊಳ್ಳುವಾಗ ಅಂಗಡಿಯಲ್ಲೇ ಒಮ್ಮೆ ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋದರೆ ಅದನ್ನೇ ತನ್ನಿ.